ಕಾಕಾ, ಬಂಗಾರ ಮತ್ತು ಹದಿನೈದು ಸಾವಿರದ ಮಷೀನು

ಬ್ಲಾಗ್ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಹೇಳಬಹುದು. ಆದರೆ ಈ ಬರಹ ಒಂದು ಸುಳ್ಳಿನ ಬಗ್ಗೆಯೇ ಇರೋದರಿಂದ ಶುರುವಿನಲ್ಲೇ ಇನ್ನೊಂದು ಸುಳ್ಳು ಬೇಡ :) ನಿಜ ಏನಂದ್ರೆ, ಬರೆಯೋಕೆ ಕೂತಾಗಲೆಲ್ಲ ಇದೊಂದೇ ಸಂಗತಿ ಎದುರು ಬಂದು ನಿಲ್ತಿತ್ತು. ಇದನ್ನ ದಾಟಿ ಬೇರೇನೂ ಬರೆಯೋಕಾಗಲಿಲ್ಲ. ಹಾಗಾಗಿ ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮೂರು ರಾಯಚೂರು ಜಿಲ್ಲೆಯ ಸಿರವಾರ. ಮೊದಲು ಮಾನ್ವಿ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿ, ನಾನು ರಾಯಚೂರು ಕಡೆ ಅಂದರೆ ಎರಡೇ ಪ್ರತಿಕ್ರಿಯೆ. ಒಂದು, "ಅಬ್ಬಾ, ಬಿಸಿಲು!" ಇನ್ನೊಂದು, "ಹಟ್ಟಿ ಚಿನ್ನದ ಗಣಿ ಇರೋ ಕಡೆ ಅಲ್ವಾ? ಹಾಗಾದ್ರೆ ನಿಮ್ಮ ಹೊಲದಲ್ಲೂ ಬಂಗಾರ ಇರಬೇಕಲ್ಲ?" ಮೊದಲನೆಯದಕ್ಕೆ ಹೌದು ಅಂತೀನಿ. ಎರಡನೆಯದಕ್ಕೆ ನಕ್ಕು ಸುಮ್ಮನಾಗ್ತಿದ್ದೆ. ಆ ಎರಡನೇ ಪ್ರಶ್ನೆಯನ್ನ ನಮ್ಮ ಕಾಕಾನೇ ಕೇಳ್ತಾನೆ ಅಂತ ಅಂದುಕೊಂಡಿರಲಿಲ್ಲ.

ಹೋದ ದಸರೆಗೆ ಹದಿನೈದು ದಿನ ಮುಂಚೆ ಕಾಕಾನ ಫೋನ್ ಬಂತು.

"ತಮ್ಮಾ, ನೀ ಕಾಲೇಜಿನ್ಯಾಗ ಒಂದು ಮಷೀನ್ ಮಾಡಿದ್ದೆಲ್ಲ, ಕಬ್ಬಣದ ಮ್ಯಾಲೆ ಹಿಡಿದ್ರ ಕುಂಯ್ ಅಂತಿತ್ತಲ್ಲ, ಅದು ಐತೇನು?"

ಇಂಜಿನಿಯರಿಂಗ್ ಏಳನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಅದು. ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳಕ್ಕೆ ತಾಮ್ರದ ತಂತಿ ಸುತ್ತಿ, ಎರಡು ಆಸಿಲೇಟರ್ ಕೂಡಿಸಿ ಮಾಡಿದ್ದ ಮೆಟಲ್ ಡಿಟೆಕ್ಟರ್. ರಜೆಗೆ ಊರಿಗೆ ತಂದು ಕಬ್ಬಿಣದ ಮಂಚದ ಮೇಲೆ ಹಿಡಿದು ತೋರಿಸಿದ್ದೆ. ಒಂದು ಮೊಳ ದೂರದಿಂದ ಮಂಚವನ್ನ ಪತ್ತೆ ಹಚ್ಚಿತ್ತು. ಮಂಚ ನಮ್ಮ ಕಣ್ಣಿಗೂ ಕಾಣ್ತಿತ್ತು ಅನ್ನೋದು ಬೇರೆ ಮಾತು :)

"ಅದು ಯಾವತ್ತೋ ಹೋಯ್ತು ಕಾಕಾ, ಯಾಕ?"

"ಸುಮ್ನ ಕೇಳ್ದೆ. ಯೂಟ್ಯೂಬಿನ್ಯಾಗ ಆಸ್ಟ್ರೇಲಿಯಾದಾಗ ಅದನ್ನ ಹಿಡ್ಕೊಂಡು ಅಡ್ಯಾಡಿ ನೆಲದಾಗಿನ ಬಂಗಾರದ ಗಟ್ಟಿ ತಗೀತಾರ ನೋಡು. ಅಂಥಾ ಮಣ್ಣೇ ನಮ್ಮ ಮಸಾರಿ ಹೊಲ. ಹಂಗೇ ಕೆಂಪಗೈತಿ."

ವಿಡಿಯೋ ಕಳಿಸಿದ. ನಾನೂ ನೋಡಿದೆ. ಒಂದು ನೋಡಿದ್ದು ಹತ್ತಾಯ್ತು. ರಾತ್ರಿ ಎರಡು ಗಂಟೆ. ವಿಕ್ಟೋರಿಯಾ ಪ್ರಾಂತದಲ್ಲಿ 1980ರಲ್ಲಿ ಕೆವಿನ್ ಹಿಲಿಯರ್ ಅನ್ನೋ ಮನುಷ್ಯನಿಗೆ ಮೆಟಲ್ ಡಿಟೆಕ್ಟರ್‌ನಿಂದಲೇ 27 ಕಿಲೋ ತೂಕದ ಗಟ್ಟಿ ಸಿಕ್ಕಿತ್ತು. ಅದಕ್ಕೆ 'ಹ್ಯಾಂಡ್ ಆಫ್ ಫೇತ್' ಅಂತ ಹೆಸರು. ಡಿಟೆಕ್ಟರ್‌ನಿಂದ ಸಿಕ್ಕ ಗಟ್ಟಿಗಳಲ್ಲಿ ಅದೇ ದೊಡ್ಡದು ಅಂತಾರೆ. ಕಾಕಾಗೆ ಹೇಳಿದೆ. "27 ಕಿಲೋ! ಡಿಎಪಿ ಚೀಲದ ಅರ್ಧಕ್ಕಿಂತ ಜಾಸ್ತಿ ಆಯ್ತಲ್ಲಲೇ!" ಅಂದ. ನಮ್ಮ ಕಾಕಾನಿಗೆ ಜಗತ್ತಿನ ಎಲ್ಲ ತೂಕವೂ ಗೊಬ್ಬರದ ಚೀಲದ ಲೆಕ್ಕದಲ್ಲೇ ಗೊತ್ತಾಗೋದು.

ಸುಮ್ಮನೆ ಒಂದು ಮಜಾ ಇರಲಿ ಅಂತ ಆನ್‌ಲೈನ್‌ನಲ್ಲಿ ಹದಿನೈದು ಸಾವಿರ ಚಿಲ್ಲರೆ ಕೊಟ್ಟು ಒಂದು ಡಿಟೆಕ್ಟರ್ ತರಿಸಿದೆ. ನಿಜ ಹೇಳಬೇಕಂದ್ರೆ ಕಾಕಾನಿಗಿಂತ ನನಗೇ ಅದರ ಹುಚ್ಚು ಹತ್ತಿತ್ತು. ದಿನವಿಡೀ ಸ್ಕ್ರೀನ್ ನೋಡ್ಕೊಂಡು ಕೂರೋ ನಮ್ಮಂಥವರಿಗೆ ಕೈಯಲ್ಲಿ ಹಿಡಿದು ನೆಲದ ಮೇಲೆ ಓಡಾಡೋ ಯಾವ ಯಂತ್ರವಾದರೂ ದೊಡ್ಡದಾಗೇ ಕಾಣುತ್ತೆ. ಬಿಚ್ಚಿ ಬ್ಯಾಗಿನಲ್ಲಿ ತುಂಬಿಕೊಂಡು ರಾತ್ರಿ ಬಸ್ಸಿಗೆ ಹೊರಟೆ.

ಆಯುಧ ಪೂಜೆ ದಿನ ಮುಂಜಾನೆ ಮನೆ ಮುಟ್ಟಿದೆ. ಕಾಕಾ ಟ್ರಾಕ್ಟರ್ ತೊಳೀತಿದ್ದ. ಕುಡಗೋಲು, ಗುದ್ದಲಿ, ಸಲಿಕಿ, ಬೈಕು ಎಲ್ಲ ಸಾಲಾಗಿ ಪೂಜೆಗೆ ನಿಂತಿದ್ದವು. ಚಿಗವ್ವ ನನ್ನ ಮಷೀನನ್ನೂ ಆ ಸಾಲಿನಲ್ಲಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು ಕಾಯಿ ಒಡೆದಳು. ಹೂವು ಇಡೋಕೆ ಬಗ್ಗಿದಾಗ ಅವಳ ಕೊರಳು ನೋಡಿದೆ. ಬರೀ ತಾಳಿ, ಕರಿಮಣಿ. ಹಬ್ಬದ ದಿನ ಬೋರಮಾಳ ಇಲ್ಲದೆ ನಾನು ಅವಳನ್ನ ಯಾವತ್ತೂ ನೋಡಿರಲಿಲ್ಲ. ನೋಡಿಯೂ ಏನೂ ಕೇಳಲಿಲ್ಲ.

ನಾಷ್ಟಾ ಮಾಡಿ ಹೊಲಕ್ಕೆ ಹೋದ್ವಿ. ಸಜ್ಜಿ ಕೊಯ್ದು ಖಾಲಿ ಇದ್ದ ನಾಲ್ಕೆಕರೆ ಮಸಾರಿ. ಮೊದಲು ಕಾಕಾಗೆ ಪಾಠ ಮಾಡಿದೆ. ಕೆಳಗಿನ ತಟ್ಟೆಯೊಳಗೆ ತಂತಿ ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸೋ ಕರೆಂಟು ಹರಿಯುತ್ತೆ. ಅದರ ಕಾಂತಕ್ಷೇತ್ರ ನೆಲದೊಳಗಿನ ಲೋಹಕ್ಕೆ ತಗುಲಿದರೆ ಆ ಲೋಹದಲ್ಲೂ ಸಣ್ಣ ಸುಳಿ ಕರೆಂಟು ಹುಟ್ಟುತ್ತೆ. ಅದು ವಾಪಸ್ ಕೊಡೋ ಉತ್ತರವನ್ನ ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತೆ. ಕಬ್ಬಿಣದ ಉತ್ತರವೇ ಬೇರೆ, ತಾಮ್ರ ಬೆಳ್ಳಿಯ ಉತ್ತರವೇ ಬೇರೆ. ಕಬ್ಬಿಣ ಇದ್ದರೆ ಮಷೀನು ಎಮ್ಮೆ ಥರ ದಪ್ಪ ದನಿಯಲ್ಲಿ ಗೊರ್ ಅನ್ನುತ್ತೆ. ಬೇರೆ ಲೋಹ ಇದ್ದರೆ ತೆಳ್ಳಗೆ ಟಿಂಯ್ ಅನ್ನುತ್ತೆ.

"ಬಂಗಾರಕ್ಕ?"

"ಅಲ್ಲೇ ಐತಿ ನೋಡು ಫಜೀತಿ. ಸಣ್ಣ ಬಂಗಾರಕ್ಕೂ ಅಲ್ಯುಮಿನಿಯಂ ಹಾಳೆಗೂ ಹೆಚ್ಚು ಕಡಿಮಿ ಒಂದೇ ದನಿ. ಅಗದೇ ನೋಡ್ಬೇಕು."

ಇದನ್ನ ಕಾಕಾ ಎಷ್ಟು ಬೇಗ ಕಲಿತ ಅಂದ್ರೆ, ಒಂದು ತಾಸಿನಲ್ಲಿ ಮೀಟರ್ ನೋಡೋದು ಬಿಟ್ಟು ಬರೀ ದನಿ ಕೇಳಿ "ಇದು ಕಬ್ಬಣ, ಇದು ಅಲ್ಲ" ಅಂತ ಹೇಳ್ತಿದ್ದ. ಮೂವತ್ತು ವರ್ಷ ಎತ್ತಿನ ಉಸಿರು, ಮೋಟರಿನ ಸದ್ದು ಕೇಳಿ ರೋಗ ಹೇಳಿದ ಕಿವಿ ಅದು.

ಮಧ್ಯಾಹ್ನದ ತನಕ ಸಿಕ್ಕ ಸಂಪತ್ತಿನ ಪಟ್ಟಿ ಕೊಡ್ತೀನಿ. ಎತ್ತಿನ ಲಾಳ ಒಂಬತ್ತು. ಲಾಳದ ಮೊಳೆ ಲೆಕ್ಕವಿಲ್ಲ. ಕುಂಟೆಯ ಮುರಿದ ಕುಡ ಒಂದು. ಮೋಟರಿನ ವೈರು ಒಂದು ಮೊಳ. ಹಳೇ ಐದು ಪೈಸೆ ಎರಡು. ಗುಳಿಗಿ ಹಾಳೆ ಮೂರು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಕ್ರಿಮಿನಾಶಕದ ಬಾಟಲಿ ಬಾಯಿಗೆ ಅಂಟಿಸಿರೋ ಬೆಳ್ಳನೆ ಅಲ್ಯುಮಿನಿಯಂ ಸೀಲು. ಟಿಂಯ್ ಅಂದಾಗಲೆಲ್ಲ ಕಾಕಾ ಮೊಣಕಾಲೂರಿ ಕೂತು, ಕೈಯಿಂದ ಮಣ್ಣು ಸರಿಸಿ ಅದನ್ನ ಹೊರಗೆ ತೆಗೀತಿದ್ದ. ಹತ್ತಿ ಹಾಕಿದ ವರ್ಷದ್ದು, ಮೆಣಸಿನಕಾಯಿ ಹಾಕಿದ ವರ್ಷದ್ದು ಅಂತ ನೆನಪು ಮಾಡ್ಕೊಳ್ತಿದ್ದ. ಹದಿನಾಲ್ಕನೆಯದು ಸಿಕ್ಕಾಗ ಅಂಗೈಯಲ್ಲಿ ಇಟ್ಕೊಂಡು, "ನೋಡಲೇ, ನಮ್ಮ ದುಡ್ಡೆಲ್ಲ ಇಲ್ಲೇ ಹೂತೈತಿ" ಅಂದು ನಕ್ಕ. ನಾನೂ ನಕ್ಕೆ.

ಊಟಕ್ಕೆ ಬೇವಿನ ಗಿಡದ ಕೆಳಗೆ ಕೂತಾಗ, ಓದಿಕೊಂಡು ಬಂದಿದ್ದೆನಲ್ಲ, ಎಲ್ಲ ಹೇಳಿದೆ. ಕಾಕಾ, ಆಸ್ಟ್ರೇಲಿಯಾದ ಬಂಗಾರ ಬೇರೆ, ನಮ್ಮದು ಬೇರೆ. ಅಲ್ಲಿ ಬಿಳಿಕಲ್ಲಿನ ಪಟ್ಟಿಗಳು ಲಕ್ಷಾಂತರ ವರ್ಷ ಸವೆದು, ಒಳಗಿನ ಗಟ್ಟಿಗಳು ಬಿಡಿಸಿಕೊಂಡು ಮೇಲ್ಮಣ್ಣಿನಲ್ಲೇ ಉಳಿದುಬಿಟ್ಟಿವೆ. ನಮ್ಮ ಹಟ್ಟಿಯ ಬಂಗಾರ ಕಲ್ಲಿನೊಳಗೆ ಕಣ್ಣಿಗೆ ಕಾಣದ ಹಾಗೆ ಹರಡಿಕೊಂಡಿರೋದು. ಒಂದು ಟನ್ ಕಲ್ಲನ್ನ ನೆಲದಾಳದಿಂದ ಮೇಲೆ ತಂದು, ಹಿಟ್ಟಿನ ಹಾಗೆ ಅರೆದು, ಸಯನೈಡ್ ನೀರಿನಲ್ಲಿ ಕರಗಿಸಿದರೆ ಸಿಗೋದು ಕೆಲವೇ ಗ್ರಾಂ. ಒಂದು ಉಂಗುರಕ್ಕೆ ಸಾಲಬಹುದು. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ದೇಶದ ಗಣಿ ಬಂಗಾರದಲ್ಲಿ ಬಹುಪಾಲು ಬಂದಿದ್ದು ಹೀಗೆ ಅರೆದೇ. ನಮ್ಮ ಪಕ್ಕದ ದೇವದುರ್ಗ ತಾಲೂಕಿನ ಊಟಿಯಲ್ಲೂ ಹಟ್ಟಿ ಕಂಪನಿಯವರು ತೆಗೆದಿದ್ದು ಕಲ್ಲೇ, ಗಟ್ಟಿಯಲ್ಲ. ಆ ಕಲ್ಲಿನ ಮೇಲೆ ನನ್ನ ಮಷೀನು ಹಿಡಿದರೆ ಗಪ್‌ಚಿಪ್ ಇರುತ್ತೆ.

"ಮ್ಯಾಲೆ ಕಾಣೋವಂಥಾದ್ದು ಮೊದ್ಲು ಇತ್ತೇನೋ?" ಅಂದ ಕಾಕಾ.

ಇತ್ತು. ಆದರೆ ನಮಗಿಂತ ಮೊದಲೇ ಬಂದು ಆರಿಸಿಕೊಂಡು ಹೋಗಿದ್ದಾರೆ. ಹಟ್ಟಿಯಲ್ಲಿ ಹಳೇ ಕಾಲದವರು ತೋಡಿದ ಗುಂಡಿ 600 ಅಡಿಗೂ ಆಳ ಹೋಗಿತ್ತು. ಡೈನಮೈಟ್ ಇಲ್ಲ, ಪಂಪ್ ಇಲ್ಲ. ಬಂಡೆ ಮೇಲೆ ಕಟ್ಟಿಗೆ ಉರಿಸಿ, ಕಾದ ಕಲ್ಲಿಗೆ ನೀರು ಹೊಯ್ದು ಬಿರುಕು ಬಿಡಿಸಿ ಇಳಿದವರು ಅವರು. ಆ ಗುಂಡಿಯೊಳಗೆ ಸಿಕ್ಕ ಮರದ ತುಂಡುಗಳನ್ನ ಪರೀಕ್ಷೆ ಮಾಡಿದರೆ ಸುಮಾರು ಎರಡು ಸಾವಿರ ವರ್ಷ ಹಳೆಯವು ಅಂತ ಬಂತು. ಅತ್ತ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ತೊಳೆದು ಬಂಗಾರದ ಕಣ ತೆಗೀತಿದ್ದ ಜಾಲಗಾರರಿದ್ದರು. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ 1874ರಲ್ಲೇ ಆ ಕಡೆಯ ಚಿನ್ನದ ಕಲ್ಲುಗಳ ಬಗ್ಗೆ ಬರೆದಿದ್ದಾನೆ. ಪತ್ತಾರರ ಅಂಗಡಿ ಮುಂದಿನ ಗಟಾರದ ಮಣ್ಣು ಒಯ್ದು ತೊಳೆಯೋರನ್ನ ನೀವೂ ನೋಡಿರಬಹುದು. ಅಂಥ ಕಣ್ಣಿನ ಜನ ಎರಡು ಸಾವಿರ ವರ್ಷ ಓಡಾಡಿದ ನೆಲದಲ್ಲಿ ನಾನು ಆನ್‌ಲೈನ್‌ನಲ್ಲಿ ತರಿಸಿದ ಮಷೀನು ಹಿಡಿದು ಹೊರಟಿದ್ದೆ!

ಕಾಕಾ ಸುಮ್ಮನೆ ಕೇಳಿದ. ಆಮೇಲೆ, "ಹಂಗಾರ ಇಂಗ್ಲಿಷ್ ಮಂದಿ ಸುಮ್ನ ಬಂದಿದ್ರೇನು ಇಲ್ಲಿ?" ಅಂದ.

ಅದಕ್ಕೆ ಬೀಡನ್ ಸಾಹೇಬನ ಕಥೆ ಹೇಳಿದೆ. ನಿಮಗೂ ಹೇಳ್ತೀನಿ, ಯಾಕಂದ್ರೆ ಶಾಲೆಯಲ್ಲಿ ಮಸ್ಕಿ ಶಾಸನ ಅಂತ ಒಂದು ಅಂಕದ ಪ್ರಶ್ನೆಗೆ ಬರೆದು ಮರೆತುಬಿಟ್ಟಿರ್ತೀವಿ. ಸಿರವಾರದಿಂದ ಕವಿತಾಳ ದಾಟಿ ಹೋದರೆ ಮಸ್ಕಿ. ಆಗ ರಾಯಚೂರು ನಿಜಾಮನ ರಾಜ್ಯದಲ್ಲಿತ್ತು. 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಇಂಜಿನಿಯರ್ ಮಸ್ಕಿ ಸುತ್ತ ಬಂಗಾರ ಹುಡುಕ್ತಾ ಅಡ್ಡಾಡ್ತಿದ್ದ. ಗುಡ್ಡದ ಬಂಡೆಯೊಂದರ ಮೇಲೆ ಅವನಿಗೆ ಅಕ್ಷರ ಕಂಡವು, ಬ್ರಾಹ್ಮಿ ಲಿಪಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನ ಓದಿ ಅದೇ ವರ್ಷ ಪ್ರಕಟಿಸಿದರು. ಅಲ್ಲಿಯ ತನಕ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲೆಲ್ಲ ಆ ರಾಜ ತನ್ನನ್ನ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಕರೆದುಕೊಂಡಿದ್ದ. ಅವನೇ ಅಶೋಕ ಅನ್ನೋದು ಸಿಂಹಳದ ಗ್ರಂಥಗಳ ಆಧಾರದಿಂದ ಮಾಡಿದ ಊಹೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಸುಮಾರು ಎಂಬತ್ತು ವರ್ಷ ಅದು ಊಹೆಯಾಗೇ ಇತ್ತು. ಮಸ್ಕಿಯ ಬಂಡೆಯ ಮೇಲೆ ಮೊದಲ ಸಲ 'ಅಶೋಕ' ಅನ್ನೋ ಹೆಸರೇ ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳಗಳಲ್ಲೂ ಸಿಕ್ಕಿತು. ಆದರೆ ಮೊದಲು ನಮ್ಮ ಮಸ್ಕಿಯಲ್ಲೇ. ಬಂಗಾರ ಹುಡುಕೋಕೆ ಬಂದವನಿಗೆ ಚಕ್ರವರ್ತಿ ಸಿಕ್ಕಿದ್ದ.

ನಾನು ಬಹಳ ಹುರುಪಿನಿಂದ ಹೇಳಿದೆ. ಕಾಕಾ ಮಜ್ಜಿಗೆ ಕುಡಿದು ತಂಬಿಗಿ ಕೆಳಗಿಟ್ಟು, "ಅಂವಗ ಬಂಗಾರ ಸಿಕ್ತೋ ಇಲ್ಲೋ?" ಅಂದ.

"ಬಂಗಾರದ ಸುದ್ದಿ ಇಲ್ಲ ಕಾಕಾ, ಹೆಸರು ಸಿಕ್ತು."

"ಹೆಸರನ್ನ ಅಡಾ ಇಟ್ಕೊಂಡು ರೊಕ್ಕ ಕೊಡ್ತಾರೇನು?"

ನಾನು ಜೋಕು ಅಂದುಕೊಂಡು ಜೋರಾಗಿ ನಕ್ಕೆ. ಕಾಕಾ ನಗಲಿಲ್ಲ. ಆಗಲೂ ನನಗೆ ಹೊಳೀಲಿಲ್ಲ ನೋಡಿ.

ಸಂಜೆ ಮನೆಗೆ ಬಂದಾಗ ಕಟ್ಟೆ ಮೇಲೆ ಇಬ್ಬರು ಕೂತಿದ್ದರು. ನಮ್ಮೂರವರಲ್ಲ. ಬಿಳಿ ಅಂಗಿ, ಕೈಯಲ್ಲಿ ದೊಡ್ಡ ಫೋನು. ಕಾಕಾ ಅವರನ್ನ ನೋಡಿ, ನನ್ನನ್ನೂ ನೋಡಿ, "ಚಾ ಕುಡದು ಬಾ ಒಳಗ" ಅಂದ. ಅಡಿಗಿ ಮನೆಯಲ್ಲಿ ಚಿಗವ್ವ ಒಲೆ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದಳು.

ಮೂರು ತೊಲಿ ಬೋರಮಾಳ ಅಡಾ ಇಟ್ಟು ಎರಡು ವರ್ಷ ಆಗಿತ್ತು. ಮೊದಲು ತೆಗೆದಿದ್ದು ಒಂದು ಲಕ್ಷ ಹತ್ತು ಸಾವಿರ. ಎಡದಂಡೆ ಕಾಲುವೆಯ ಕೊನೆ ಭಾಗದ ನಮಗೆ ನೀರು ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಆಮೇಲೆ ಲೀಜಿಗೆ ಮಾಡಿದ ಹೊಲದ ಮೆಣಸಿನಕಾಯಿ ರೇಟು ಬಿತ್ತು. ವರ್ಷ ತುಂಬಿದಾಗ ಬಡ್ಡಿ ಕಟ್ಟೋಕೆ ಆಗಲಿಲ್ಲ. ಅಷ್ಟರಲ್ಲಿ ಬಂಗಾರದ ಬೆಲೆ ಏರಿತ್ತಲ್ಲ, ಅದೇ ಸರಕ್ಕೆ ಹೆಚ್ಚು ಸಾಲ ಸಿಕ್ತು. ಹಳೇ ಸಾಲ ಬಡ್ಡಿ ಮುರಿದುಕೊಂಡು ಉಳಿದಿದ್ದನ್ನ ಕೈಗೆ ಕೊಟ್ಟರು. ಸಾಲ ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಬಂದು ನಿಂತಿತು. 2025ರಲ್ಲಿ 10 ಗ್ರಾಂ ಬಂಗಾರ ಒಂದು ಲಕ್ಷ ದಾಟಿತು ಅಂತ ಟಿವಿಯವರು ಕುಣಿದಾಡಿದ್ದು ನೆನಪಿದೆ ತಾನೆ? ಮನೆಯಲ್ಲಿ ಬಂಗಾರ ಇದ್ದವರಿಗೆ ಅದು ಖುಷಿ. ಅಡಾ ಇಟ್ಟವರಿಗೆ ಬೆಲೆ ಏರಿದಷ್ಟೂ ಸಾಲವೇ ಏರುತ್ತೆ, ಸರ ಮಾತ್ರ ಅಷ್ಟೇ ಇರುತ್ತೆ. ಈ ಸಲ ಹಾಗೆ ಮುರಿದುಕೊಂಡು ಬರೆಯೋಕೆ ಆಗಲ್ಲ, ಅಸಲು ಬಡ್ಡಿ ಎರಡೂ ಕಟ್ಟಿ ಬಿಡಿಸ್ಕೊಳ್ಳಿ, ಇಲ್ಲಾಂದ್ರೆ ಹರಾಜು ಅಂತ ನೋಟಿಸು ಬಂದಿತ್ತು. ದೀಪಾವಳಿ ತನಕ ವಾಯಿದೆ.

ಆ ಬೋರಮಾಳ ಮೊದಲ ಸಲ ಮನೆ ಬಿಟ್ಟು ಹೋಗಿದ್ದು ನನ್ನ ಇಂಜಿನಿಯರಿಂಗ್ ಫೀಸಿಗೆ. ಅಪ್ಪ ತೀರಿಕೊಂಡ ವರ್ಷ. ಆಗ ಹತ್ತಿ ಚೆನ್ನಾಗಿ ಬಂದು ಬಿಡಿಸಿಕೊಂಡಿದ್ದರು. ನನಗೆ ನೌಕರಿ ಸಿಕ್ಕಿ ಐದು ವರ್ಷ ಆಗಿದೆ. ಎರಡನೇ ಸಲ ಅದು ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲವೋ, ಕೇಳಲಿಲ್ಲವೋ.

"ಫೋನಿನ್ಯಾಗ ಹೇಳಬ್ಯಾಡ ಅಂದಿದ್ರು. ಅಂವ ಬೆಂಗಳೂರಾಗ ಮನಿ ಬಾಡಿಗಿ ಕಟ್ಟೂದೇ ಅವಂಗ ಸಾಕಾಗಿರ್ತೈತಿ ಅಂತ" ಅಂದಳು ಚಿಗವ್ವ. ನನಗೆ ಮಷೀನಿನ ಹದಿನೈದು ಸಾವಿರದ ನೆನಪಾಗಿ ಚಾ ಗಂಟಲಲ್ಲಿ ಇಳೀಲಿಲ್ಲ.

ಕಟ್ಟೆ ಮೇಲಿನ ಇಬ್ಬರು ಯಾರು ಅಂದರೆ, ನಿಧಿ ಹುಡುಕೋರು. ನಮ್ಮ ಕಡೆಯವರಿಗೆ ಈ ಜಾತಿಯ ಜನ ಗೊತ್ತು. ಹಾಳು ಗುಡಿಯ ಲಿಂಗ ಕಿತ್ತು ಕೆಳಗೆ ಅಗೆಯೋದು, ಬಸವಣ್ಣನ ಹೊಟ್ಟೆ ಒಡೆಯೋದು, ವೀರಗಲ್ಲು ಉರುಳಿಸೋದು. ಒಂದು ಗುಡಿಗೆ ಅಂಜನ ಹಾಕಿಸಿ ನೋಡಿದ್ದರಂತೆ, "ಇದೆ" ಅಂತ ಬಂದಿತ್ತಂತೆ. ಎಲ್ಲಿ ಅಗೆಯಬೇಕು ಅನ್ನೋದು ಮಾತ್ರ ಗೊತ್ತಾಗಬೇಕಿತ್ತು. ನನ್ನ ಮಷೀನಿನ ಸುದ್ದಿ ಕಾಕಾನ ಬಾಯಿಂದ ಹೋಗಿತ್ತು. ಸಿಕ್ಕರೆ ಮೂರು ಪಾಲು. ಸಿಗದಿದ್ದರೂ ಮಷೀನ್ ತಂದಿದ್ದಕ್ಕೆ ಇಪ್ಪತ್ತು ಸಾವಿರ.

ನಾನು ಕಾಕಾನನ್ನ ಹಿತ್ತಲಿಗೆ ಕರೆದು ಹೇಳಿದೆ. ಇದು ಕಾನೂನು ಪ್ರಕಾರ ಅಪರಾಧ. ನೆಲದಾಗ ಸಿಕ್ಕ ನಿಧಿಯನ್ನ ಸರ್ಕಾರಕ್ಕೆ ತಿಳಿಸಬೇಕು ಅಂತ ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದಾರೆ, ಹತ್ತು ರೂಪಾಯಿ ಮೀರಿದ್ದರೂ ಬಿಡಲ್ಲ. ನಾಳೆ ಪೊಲೀಸರು ಬಂದರೆ ಆ ಇಬ್ಬರು ಸಿಗಲ್ಲ, ನಾವೇ ಸಿಗ್ತೀವಿ. ರೊಕ್ಕ ನಾನು ಕೊಡ್ತೀನಿ.

ಕಾಕಾ ನೆಲ ನೋಡ್ತಾ ನಿಂತಿದ್ದ. "ನಾಲಿಗಿ ಕೊಟ್ಟೀನಿ ತಮ್ಮಾ. ಒಂದ್ಸಲ ಅಡ್ಡಾಡಿ ಬರೋಣು. ಏನೂ ಇಲ್ಲಾಂದ್ರ ಹೋಗ್ತಾರ" ಅಂದ.

ನಾನು ಹೋಗಬಾರದಿತ್ತು. ಹೋದೆ. ಕಾಕಾನ ಮಾತಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಒಳಗೆಲ್ಲೋ ಒಂದು ಕುತೂಹಲವೂ ಇತ್ತು, ಅದನ್ನ ಇಲ್ಲಿ ಮುಚ್ಚಿಡೋದಿಲ್ಲ.

ಯಾವ ಊರು, ಯಾವ ಗುಡಿ ಅಂತ ಬರೆಯೋದಿಲ್ಲ, ಕೇಳಬೇಡಿ. ಊರ ಹೊರಗೆ, ಅರ್ಧ ಕುಸಿದ ಸಣ್ಣ ಕಲ್ಲಿನ ಗುಡಿ. ಒಳಗೆ ದೇವರಿಲ್ಲ. ಹೊರಗೆ ಎರಡು ವೀರಗಲ್ಲು, ಬೇವಿನ ಗಿಡ. ಯಾರೋ ಅವತ್ತೇ ಬೆಳಿಗ್ಗೆ ಬಂದು ವೀರಗಲ್ಲಿಗೆ ಸುಣ್ಣ ಬಳಿದು ಕುಂಕುಮ ಇಟ್ಟು ಹೋಗಿದ್ದರು. ಆಯುಧ ಪೂಜೆ ಅಲ್ವಾ, ಕತ್ತಿ ಹಿಡಿದು ಸತ್ತವನಿಗೂ ಪಾಲು. ಬೈಕಿನ ಲೈಟ್ ಆರಿಸಿ, ಫೋನಿನ ಬೆಳಕಿನಲ್ಲಿ ಮಷೀನ್ ಜೋಡಿಸಿದೆ. ಕೈ ನಡುಗಿ ನಟ್ಟು ಎರಡು ಸಲ ಕೆಳಗೆ ಬಿತ್ತು.

ಗುಡಿ ಸುತ್ತ ಒಂದು ಸುತ್ತು ಹಾಕಿದೆ. ಗೊರ್. ಗೊರ್. ಕಬ್ಬಿಣ. ಅವರು ಪ್ರತಿ ಸಲವೂ "ಏನು?" ಅಂತ ಕೇಳೋರು. "ಕಬ್ಬಿಣ" ಅನ್ನುತ್ತಿದ್ದೆ. ಅಗೆದು ನೋಡಿದರೆ ಮೊಳೆ, ಬಾಗಿಲ ಕೊಂಡಿ. ಮೂರು ಸಲ ನಂಬಿಕೆ ಬಂತು.

ದೊಡ್ಡ ವೀರಗಲ್ಲಿನ ಬುಡಕ್ಕೆ ಬಂದಾಗ ಟಿಂಯ್ ಅಂತು. ಸಣ್ಣದಲ್ಲ. ತಟ್ಟೆಯನ್ನ ಆ ಕಡೆ ಈ ಕಡೆ ಆಡಿಸಿದೆ, ಅದೇ ದನಿ, ಸ್ಪಷ್ಟವಾಗಿ, ಒಂದು ಮೊಳ ಅಗಲಕ್ಕೆ. ಹಗಲೆಲ್ಲ ಹೊಲದಲ್ಲಿ ಅಂಥ ದನಿ ಒಂದೂ ಬಂದಿರಲಿಲ್ಲ. ಮೀಟರಿನ ಅಂಕೆ ಅಲುಗಾಡದೆ ನಿಂತಿತ್ತು. ಕಬ್ಬಿಣ ಅಲ್ಲ.

"ಏನದು?"

ಅದನ್ನ ಅಗೆಯಬೇಕಂದ್ರೆ ಕಲ್ಲು ಉರುಳಿಸಬೇಕಿತ್ತು. ಸುಣ್ಣ ಇನ್ನೂ ಹಸಿ ಇತ್ತು. ಚಿಗವ್ವನ ಕೊರಳು ನೆನಪಾಯ್ತು. ಎರಡೂ ಒಂದೇ ಸಲ ನೆನಪಾದವು, ಹಿಂದೆ ಮುಂದೆ ಅಲ್ಲ.

"ಕಬ್ಬಿಣ" ಅಂದೆ.

ಅವರಲ್ಲೊಬ್ಬ, "ದನಿ ಬ್ಯಾರೆ ಬಂತಲ್ರೀ?" ಅಂದ.

ನಾನು ಏನು ಹೇಳಬೇಕು ಅಂತ ತಡಕಾಡ್ತಿದ್ದೆ. ಕಾಕಾನ ಮುಖ ನೋಡಿದೆ. ಬೆಳಿಗ್ಗೆಯಿಂದ ನೂರು ಸಲ ಆ ಎರಡು ದನಿ ಕೇಳಿದ್ದ ಮನುಷ್ಯ. ಮೀಟರ್ ನೋಡದೆ ಹೇಳ್ತಿದ್ದ ಮನುಷ್ಯ. ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಪಕ್ಕಕ್ಕೆ ಉಗಿದು, "ಕಬ್ಬಣನ ಐತ್ರೀ. ತುಕ್ಕು ಹಿಡದದ್ದು ಹಂಗ ಒದರ್ತೈತಿ. ಮುಂಜಾನಿಂದ ಇಂಥಾವ ಒಂಬತ್ತು ಲಾಳ ಅಗದೀನಿ ನಾ. ನಡೀರಿ, ಸೊಳ್ಳಿ ಕಡ್ಯಾಕತ್ಯಾವ" ಅಂದ.

ಬರುವಾಗ ಬೈಕಿನ ಮೇಲೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಆ ಇಬ್ಬರು ದಾರಿಯಲ್ಲೇ ಬೇರೆ ಆದರು. ಇಪ್ಪತ್ತು ಸಾವಿರದ ಮಾತು ಅವರೂ ಎತ್ತಲಿಲ್ಲ, ಕಾಕಾನೂ ಎತ್ತಲಿಲ್ಲ.

ಈಗ ನೀವು ಕೇಳಬಹುದು, ಅಲ್ಲಿ ಏನಿತ್ತು? ಗೊತ್ತಿಲ್ಲ. ಯಾವುದೋ ಹಬ್ಬಕ್ಕೆ ಬಂದವರು ಬಿಟ್ಟು ಹೋದ ಹಿತ್ತಾಳೆ ತಾಟು ಇರಬಹುದು. ಹೂತ ತಾಮ್ರದ ಕೊಡ ಇರಬಹುದು. ನನ್ನ ಮಷೀನಿನ ಕಣ್ಣು ಒಂದು ಗೇಣಿಗಿಂತ ಸ್ವಲ್ಪ ಆಳಕ್ಕೆ ಹೋದರೆ ಹೆಚ್ಚು. ಐವತ್ತು ಅಡಿ ಆಳದ ಬಂಗಾರ ತೋರಿಸುತ್ತೆ ಅಂತ ಇಂಟರ್‌ನೆಟ್ಟಿನಲ್ಲಿ ಮಾರೋ ಕಡ್ಡಿಗಳೆಲ್ಲ ಮೋಸ, ದಯವಿಟ್ಟು ಯಾರೂ ದುಡ್ಡು ಹಾಕಬೇಡಿ. ಅಷ್ಟು ಮೇಲೆ ಇದ್ದದ್ದು ಸಾವಿರ ವರ್ಷದ ನಿಧಿ ಅನ್ನೋದಕ್ಕಿಂತ ಯಾರದೋ ಮನೆಯ ಪಾತ್ರೆ ಅನ್ನೋದೇ ಹೆಚ್ಚು ನಿಜ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೀನಿ. ಹೇಳಿಕೊಂಡು ನಾಲ್ಕು ತಿಂಗಳಾಯ್ತು.

ಮರುದಿನ ವಿಜಯದಶಮಿ. ನಮ್ಮ ಕಡೆ ಬನ್ನಿ ಎಲೆಯೇ ಬಂಗಾರ. ಕೈಗೆ ಕೈ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂತೀವಿ. ಸಂಜೆ ಕಾಕಾನ ಕಾಲು ಮುಟ್ಟಿ ಬನ್ನಿ ಕೊಟ್ಟೆ. ಅವನು ವಾಪಸ್ ನನ್ನ ಕೈಗೆ ಬನ್ನಿ ಇಟ್ಟು ಬೆರಳು ಮಡಿಚಿದ. ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಬೆಂಗಳೂರಿಗೆ ಬಂದು ಒಂದಿಷ್ಟು ಉಳಿತಾಯ, ಒಂದಿಷ್ಟು ಸಾಲ ಸೇರಿಸಿ ದುಡ್ಡು ಕಳಿಸಿದೆ. ಕಾಕಾ ಬೇಡ ಅನ್ನಲಿಲ್ಲ. "ಬರದಿಟ್ಕೊ. ಕೊಡತೀನಿ" ಅಂದ. ಬರೆದಿಟ್ಟುಕೊಳ್ಳಲಿಲ್ಲ, ಆದರೆ ಬರೆದಿದ್ದೀನಿ ಅಂತ ಹೇಳಿದ್ದೀನಿ. ಇದು ಎರಡನೇ ಸುಳ್ಳು. ದೀಪಾವಳಿಗೆ ಚಿಗವ್ವ ಫೋಟೋ ಕಳಿಸಿದ್ದಳು. ಫೋಟೋದಲ್ಲಿ ಅವಳಿಗಿಂತ ಬೋರಮಾಳವೇ ಮುಂದಿತ್ತು :)

ಕಾಕಾ ಆ ರಾತ್ರಿ ಯಾಕೆ ಹಾಗೆ ಅಂದ? ನನ್ನನ್ನ ಉಳಿಸೋಕಾ? ಕಲ್ಲಿಗೆ ಹೆದರಿ? ನಾನು ಹಿತ್ತಲಲ್ಲಿ ಹೇಳಿದ ಮಾತು ನಾಟಿತ್ತಾ? ಇಲ್ಲಾ, ನಾನು ಕಬ್ಬಿಣ ಅಂದಿದ್ದಕ್ಕೆ ನನ್ನ ಮಾತು ಬೀಳಬಾರದು ಅಂತ ಅಷ್ಟೇನಾ? ಕೇಳೋಕೆ ಧೈರ್ಯ ಬಂದಿಲ್ಲ. ಮನೆಯಲ್ಲಿ ಸಂಕ್ರಾಂತಿಗೂ ಅದರ ಮಾತು ಬರಲಿಲ್ಲ. ಹೋದ ವಾರ ಫೋನಿನಲ್ಲಿ ನೀರು, ನೆಲ್ಲು, ಯೂರಿಯಾ ಎಲ್ಲ ಮಾತಾಡಿ, ಇಡೋ ಹೊತ್ತಿಗೆ ಕೇಳಿದ.

"ತಮ್ಮಾ, ಆ ಮಷೀನ್ ಐತೇನು ಇನ್ನಾ?"

"ಐತಿ ಕಾಕಾ. ಮಂಚದ ಕೆಳಗ ಇಟ್ಟೀನಿ."

"ಇರಲಿ ಬಿಡು. ಊರಿಗೆ ಮಾತ್ರ ತರಬ್ಯಾಡ."

ಅಷ್ಟೇ. ಆಮೇಲೆ ಊಟ ಆಯ್ತೇನು ಅಂತ ಕೇಳಿ ಇಟ್ಟ.

ನೀವಾಗಿದ್ದರೆ ಅಲ್ಲಿ ಏನು ಹೇಳ್ತಿದ್ರಿ? ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನಿಸಿ ಕೇಳ್ತಿದ್ದೀನಿ. ಮುಂದಿನ ಸಲ ಏನಾದರೂ ಹಗುರವಾದದ್ದು ಬರೀತೀನಿ, ಇಷ್ಟು ತಡ ಮಾಡಲ್ಲ.